ತಕ್ಕಡಿ ವಸಂತನ ಮೂರು ವೇಸ್ಟ್‌ಗೇಟು

ಚಾಮರಾಜಪೇಟೆಗೆ ಬಂದು ವಸಂತನ ಗ್ಯಾರೇಜು ಎಲ್ಲಿ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳಲಾರರು. ತಕ್ಕಡಿ ವಸಂತ ಎನ್ನಿ, ಮೂಲೆಯಲ್ಲಿ ಕೂತ ಹೂವಿನವಳೂ ಕೈ ತೋರಿಸುತ್ತಾಳೆ. ಟರ್ಬೊ ಇರುವ ಕಾರುಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಕೆಲಸದಲ್ಲಿ ಎತ್ತಿದ ಕೈ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಪೈಪಿನ ಕ್ಲಿಪ್ಪು ಬೇಕಾದರೂ ಜೆ.ಸಿ. ರಸ್ತೆಯ ಅಂಗಡಿಗಳಿಂದ ನಾಲ್ಕು ಥರದ್ದು ತಂದು, ಬೆಂಚಿನ ಮೇಲೆ ಸಾಲಾಗಿ ಇಟ್ಟು, ತಲೆಯನ್ನು ಈ ಕಡೆ ಆ ಕಡೆ ವಾಲಿಸಿ ನೋಡದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. ಗಿರಾಕಿ ಎದುರಿಗೇ ನಿಂತು ವಾಚು ನೋಡಿಕೊಳ್ಳುತ್ತಿದ್ದರೂ ಅಷ್ಟೆ.

ಈ ಗುಣ ಬಂದದ್ದು ತರಗುಪೇಟೆಯಿಂದ. ಅವನ ತಾತನಿಗೆ ಅಲ್ಲಿ ಬೇಳೆಕಾಳಿನ ಮಂಡಿ ಇತ್ತು. ಎರಡು ಮೂಟೆಯಿಂದ ಎರಡು ಹಿಡಿ ತೊಗರಿಬೇಳೆ ತೆಗೆದು, ಎರಡು ಅಂಗೈಯಲ್ಲಿ ಹರಡಿಕೊಂಡು, ಒಂದೊಂದೇ ಬೇಳೆಯನ್ನು ಹಲ್ಲಿನಲ್ಲಿ ಕಡಿದು ನೋಡುತ್ತ ಮುದುಕರು ಬೆಳಗಿನ ಹೊತ್ತನ್ನೆಲ್ಲ ಕಳೆಯುತ್ತಿದ್ದರು. ಪಕ್ಕದಲ್ಲಿ ಕೂತು ಅದನ್ನೇ ನೋಡಿ ಬೆಳೆದ ವಸಂತ, ದೊಡ್ಡವನಾದ ಮೇಲೆ ಬೇಳೆ ಬಿಟ್ಟು ಎಂಜಿನ್ನು ಹಿಡಿದ. ತೂಗಿ ನೋಡುವ ಚಾಳಿಯನ್ನು ಮಾತ್ರ ಬಿಡಲಿಲ್ಲ.

ಹೆಣ್ಣು ನೋಡುವಾಗಲೂ ಹೀಗೇ ಮಾಡಿದ, ಮಹಾರಾಯ. ಮಲ್ಲೇಶ್ವರಂನಲ್ಲಿದ್ದ ರುದ್ರಾಣಿಯ ಮನೆಗೆ ಒಮ್ಮೆ ಹೋದ, ಇನ್ನೊಮ್ಮೆ ಹೋದ, ಮತ್ತೂ ಒಂದು ಸಲ ಬರುತ್ತೇನೆಂದು ಹೇಳಿಕಳಿಸಿದ. ಆ ಮೂರನೇ ಸಲ ರುದ್ರಾಣಿಯೇ ಕಾಫಿ ಲೋಟ ಅವನ ಮುಂದಿಟ್ಟು, “ಇನ್ನೆಷ್ಟು ಸಲ ಬರ್ತೀರಾ? ಮನೇಲಿ ಕಾಫಿಪುಡಿ ಖಾಲಿ ಆಗ್ತಾ ಬಂತು. ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ,” ಎಂದಳು. ವಸಂತ ಗಾಬರಿಯಲ್ಲಿ ಹೂಂ ಎಂದುಬಿಟ್ಟ. ತೂಗಿ ನೋಡದೆ ತೆಗೆದುಕೊಂಡ ತೀರ್ಮಾನ ಅದೊಂದೇ, ಅದಕ್ಕಿಂತ ಒಳ್ಳೆಯ ತೀರ್ಮಾನ ಇನ್ನೊಂದಿಲ್ಲ ಎಂದು ಅವನೇ ಈಗಲೂ ಹೇಳುತ್ತಾನೆ. ರುದ್ರಾಣಿ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದಾಗ ಸ್ವಲ್ಪ ಜೋರಾಗಿಯೇ ಹೇಳುತ್ತಾನೆ.

ಇವರಿಗೆ ಒಬ್ಬಳೇ ಮಗಳು, ಶಿವಾನಿ. ಗಾಂಧಿ ಬಜಾರಿನ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ಆದರೆ ಅವಳ ಜೀವವೆಲ್ಲ ಗ್ಯಾರೇಜಿನ ಹಿಂದಿನ ಶೆಡ್ಡಿನಲ್ಲಿ ನಿಂತಿರುವ ಕೆಂಪು ಕಾರಿನ ಮೇಲೆ. ಗುಜರಿಗೆ ಹೋಗಬೇಕಾಗಿದ್ದ ಕಾರನ್ನು ಅಪ್ಪ ಮಗಳು ಸೇರಿ ಎಬ್ಬಿಸಿ ನಿಲ್ಲಿಸಿದ್ದರು. ಊರಾಚೆಯ ಮಣ್ಣಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ಆಟೊಕ್ರಾಸ್ ಪಂದ್ಯ ನಡೆಯುತ್ತದೆ. ಒಂದು ಸಲಕ್ಕೆ ಒಂದೇ ಕಾರು. ಡಬ್ಬಗಳ ಗುರುತು ಹಿಡಿದು, ತಿರುವು ತಪ್ಪದೆ, ಯಾರು ಬೇಗ ಸುತ್ತಿ ಬರುತ್ತಾರೋ ಅವರು ಗೆದ್ದ ಹಾಗೆ. ಆ ಮೈದಾನದಲ್ಲಿ ಈ ಕಾರನ್ನು ಓಡಿಸಬೇಕು ಎನ್ನುವುದು ಶಿವಾನಿಯ ಆಸೆ.

ಆಸೆಯೇನೋ ಸರಿ, ಕಾರು ಶೆಡ್ಡು ಬಿಡಬೇಕಲ್ಲ. ಮೊದಲ ವರ್ಷ ವಸಂತ ಟೈರುಗಳನ್ನು ಹೋಲಿಸುತ್ತ ಕೂತ, ಪಂದ್ಯದ ದಿನ ದಾಟಿಹೋಯಿತು. ಮರುವರ್ಷ ಕ್ಲಚ್ ಪ್ಲೇಟು ಹಿಡಿದು ಮೀನಮೇಷ ಎಣಿಸಿದ, ಆಗಲೂ ದಾಟಿತು. ಈ ವರ್ಷ ಸರದಿ ವೇಸ್ಟ್‌ಗೇಟಿನದು. ಶಿವಾನಿ ಕೂಗಾಡಲಿಲ್ಲ. ಒಂದು ಸಂಜೆ ಕೆಲಸದಿಂದ ಬಂದವಳು ಕಾರಿನ ಬಾನೆಟ್ಟಿಗೆ ಒರಗಿ ನಿಂತು, “ಅಪ್ಪಾ, ಈ ಸಲಾನೂ ಆಗ್ಲಿಲ್ಲ ಅಂದ್ರೆ ಇದನ್ನ ಮಾರ್ಬಿಡೋಣ. ಸುಮ್ನೆ ನಿಂತಿರೋದನ್ನ ನೋಡ್ತಿದ್ರೆ ನಂಗೆ ಬೇಜಾರಾಗುತ್ತೆ,” ಎಂದಳು. ಅವಳು ಸುಮ್ಮನೆ ಹೆದರಿಸುವ ಪೈಕಿಯಲ್ಲ ಎಂದು ವಸಂತನಿಗೆ ಗೊತ್ತಿತ್ತು.

ವೇಸ್ಟ್‌ಗೇಟು ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಟರ್ಬೊ ಇರುವುದು ಎಂಜಿನ್ನಿಗೆ ಗಾಳಿ ತುಂಬಲು. ಹೊರಹೋಗುವ ಹೊಗೆಯ ರಭಸವೇ ಅದನ್ನು ತಿರುಗಿಸುತ್ತದೆ. ತುಂಬಿದ್ದು ಜಾಸ್ತಿಯಾದರೆ ಎಂಜಿನ್ನು ಒಡೆಯುತ್ತದೆ. ಹಾಗಾಗದಂತೆ, ಒತ್ತಡ ಒಂದು ಮಟ್ಟ ಮುಟ್ಟಿದ ಕೂಡಲೇ ಬಾಗಿಲು ತೆರೆದು ಹೆಚ್ಚಿನ ಹೊಗೆಯನ್ನು ಟರ್ಬೊಗೆ ತಾಗಿಸದೆ ಹೊರಗೆ ಕಳಿಸುವುದು ಈ ವೇಸ್ಟ್‌ಗೇಟು. ಕುಕ್ಕರಿನ ವೆಯ್ಟು ಮಾಡುವ ಕೆಲಸವೇ ಎನ್ನಿ. ಒಳಗೊಂದು ಸ್ಪ್ರಿಂಗ್ ಇರುತ್ತದೆ. ಮೆತ್ತಗಿನ ಸ್ಪ್ರಿಂಗ್ ಆದರೆ ಬಾಗಿಲು ಬೇಗ ತೆರೆಯುತ್ತದೆ, ಕಾರು ಸಾಧುವಾಗಿರುತ್ತದೆ. ಬಿಗಿಯಾದದ್ದು ಹಾಕಿದರೆ ತಡವಾಗಿ ತೆರೆಯುತ್ತದೆ, ಕಾರಿಗೆ ಕಸುವು ಬರುತ್ತದೆ.

ಹಳೆಯದು ತುಕ್ಕು ತಿಂದಿತ್ತು. ಬದಲಿಗೆ ಬೆಂಚಿನ ಮೇಲೆ ಮೂರು ಬಂದು ಕೂತವು. ಒಂದು ವಿದೇಶದ್ದು, ಮುಟ್ಟಿದರೆ ಕೈಗೆ ಹಿತವಾಗುವಷ್ಟು ನಯ. ಇನ್ನೊಂದು ಅದರದೇ ನಕಲು. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳು. ಮೂರನೆಯದು ಕೊಯಮತ್ತೂರಿನ ಸಣ್ಣ ಕಾರ್ಖಾನೆಯದ್ದು, ನೋಡಲು ಒರಟೊರಟು. ವಸಂತ ಮೂರಕ್ಕೂ ಪಂಪಿನಿಂದ ಗಾಳಿ ಕೊಟ್ಟು, ಯಾವ ಒತ್ತಡಕ್ಕೆ ಬಾಗಿಲು ಏಳುತ್ತದೆ ಎಂದು ಮೀಟರಿನಲ್ಲಿ ನೋಡಿದ. ಸೋಪಿನ ನೀರು ಹಚ್ಚಿ ಎಲ್ಲಿ ಗುಳ್ಳೆ ಬರುತ್ತದೆಂದು ನೋಡಿದ. ಕಾದಾಗ ಏನು ಮಾಡುತ್ತವೋ ಎಂಬ ಅನುಮಾನ ಹೊಕ್ಕಿತು. ಗ್ಯಾರೇಜಿನ ಬೆಂಕಿ ಒಂದೇ ಕಡೆ ಸುಡುತ್ತದೆ, ಸುತ್ತಲೂ ಸಮನಾಗಿ ಕಾಯಬೇಕಾದರೆ ಅಡುಗೆಮನೆಯ ಒಲೆಯೇ ಆಗಬೇಕು. ರಬ್ಬರಿನ ಭಾಗ ಬಿಚ್ಚಿಟ್ಟು, ಉಳಿದದ್ದನ್ನು ಗ್ಯಾರೇಜಿಗೆ ಅಂಟಿಕೊಂಡ ಮನೆಯೊಳಗೆ ಒಯ್ದು, ಒಂದೊಂದಾಗಿ ರುದ್ರಾಣಿಯ ಒಲೆಯ ಮೇಲೆ ಇಟ್ಟೇಬಿಟ್ಟ.

ರುದ್ರಾಣಿ ಅಕ್ಕಿರೊಟ್ಟಿ ತಟ್ಟಲು ಹಿಟ್ಟು ಕಲಸಿಕೊಂಡು ಬಂದರೆ ಒಲೆಯ ಮೇಲೆ ಕಬ್ಬಿಣ ಬೇಯುತ್ತಿದೆ. ಮನೆಯೆಲ್ಲ ಸುಟ್ಟ ಗ್ರೀಸಿನ ವಾಸನೆ.

“ಇದಕ್ಕೆ ಚಟ್ನಿ ಮಾಡ್ಲೋ, ಪಲ್ಯ ಮಾಡ್ಲೋ?” ಎಂದು ಕೇಳಿದಳು.

“ಒಂದ್ನಿಮಿಷ ತಾಳೇ,” ಎನ್ನುತ್ತ ವಸಂತ ಇಕ್ಕಳದಲ್ಲಿ ಹಿಡಿದು ಬಾಗಿಲು ಒತ್ತಿ ನೋಡಿದ. ನಕಲಿನ ಬಾಗಿಲು ಕಾದ ಮೇಲೆ ಅರ್ಧಕ್ಕೇ ಕಚ್ಚಿಕೊಂಡಿತು. ತಣ್ಣಗಿದ್ದಾಗ ಅಷ್ಟು ಚೆನ್ನಾಗಿ ಆಡಿದ್ದು ಇದೇನಾ ಎನ್ನುವ ಹಾಗೆ. ಓಡುವ ಕಾರಿನಲ್ಲಿ ಹೀಗಾಗಿದ್ದರೆ ಗತಿಯೇನು? ಅದನ್ನು ಅಲ್ಲಿಂದಲೇ ಹಿತ್ತಿಲಿಗೆ ಎಸೆದ.

ಉಳಿದದ್ದು ಎರಡು. ವಿದೇಶದ್ದು ಗಡಿಯಾರದಂತೆ ಆಡುತ್ತಿತ್ತು, ಆದರೆ ಅದರ ಜೊತೆ ಬಂದ ಸ್ಪ್ರಿಂಗ್ ಈ ಎಂಜಿನ್ನು ತಡೆಯುವುದಕ್ಕಿಂತ ಬಿಗಿ. ಬೇರೆ ಸ್ಪ್ರಿಂಗ್ ಸಮುದ್ರ ದಾಟಿ ಬರಬೇಕು. ಕೊಯಮತ್ತೂರಿನದಕ್ಕೆ ಎರಡು ಸ್ಪ್ರಿಂಗ್ ಕೊಟ್ಟಿದ್ದರು. ಮೆತ್ತಗಿನದಕ್ಕೆ ನೀಲಿ ಬಣ್ಣ, ಬಿಗಿಯಾದದ್ದಕ್ಕೆ ಕೆಂಪು. ಕಾದಾಗಲೂ ತಣ್ಣಗಿದ್ದಾಗಲೂ ಅದು ಒಂದೇ ಥರ ತೆರೆಯುತ್ತಿತ್ತು. ಯಾರು ನೋಡಿದರೂ ಇದೇ ಸರಿ ಎನ್ನುತ್ತಿದ್ದರು. ವಸಂತ ಮಾತ್ರ ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ಗ್ಯಾರೇಜಿನ ಬೆಂಚಿಗೆ ಬಂದು ಮತ್ತೆ ಕೂತ. ವಿದೇಶದ್ದಕ್ಕೆ ಬೇರೆ ಸ್ಪ್ರಿಂಗ್ ತರಿಸಿಯೇ ನೋಡೋಣ, ಪಂದ್ಯ ಮುಂದಿನ ವರ್ಷವೂ ಇರುತ್ತದಲ್ಲ ಎಂದು ಗೊಣಗಿದ.

ಪಕ್ಕದಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ, ಶಾಲೆಯ ಕಾಲದ ಗೆಳೆಯ ಕೈಲಾಸ್ ಇಣುಕಿ ನೋಡಿ, “ಏನ್ ಗುರು, ಈ ಎರಡರಲ್ಲಿ ಯಾವ್ದಕ್ಕೆ ತಾಳಿ ಕಟ್ತೀಯಾ?” ಎಂದು ನಕ್ಕ.

ರುದ್ರಾಣಿ ನಗಲಿಲ್ಲ. “ರೀ, ನಿಮ್ಗೆ ಬೇಕಾಗಿರೋದು ಗೇಟಲ್ಲ, ನೆಪ,” ಎಂದಳು. “ಅವಳು ಓಡ್ಸೋದು ನಿಮಗಿಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳಿ. ಪಾಪ, ಹುಡುಗೀನ ಯಾಕೆ ಹೀಗೆ ಕಾಯಿಸ್ತೀರಾ?”

“ಇಷ್ಟ ಇಲ್ಲ ಅಂತ ಯಾರು ಹೇಳಿದ್ರು?” ಎಂದ ವಸಂತ. ನಿಜವಾಗಿಯೂ ಇಷ್ಟವಿತ್ತು. ಮಗಳ ಕೈಯಲ್ಲಿ ಆ ಕಾರು ತಿರುವಿನಲ್ಲಿ ಮಣ್ಣೆಬ್ಬಿಸಿ ಹೋಗುವುದನ್ನು ಅವನೇ ಎಷ್ಟು ಸಲ ಮನಸ್ಸಿನಲ್ಲಿ ನೋಡಿದ್ದ. ಭಯವೂ ಅಷ್ಟೇ ಇತ್ತು. ಬೇರೆಯವರ ಕಾರಿಗೆ ಭಾಗ ಆರಿಸುವಾಗ ಎಷ್ಟು ಹೊತ್ತಾದರೂ ತಕ್ಕಡಿ ಒಂದು ಕಡೆಗೆ ವಾಲುತ್ತಿತ್ತು. ಆ ಸೀಟಿನಲ್ಲಿ ಶಿವಾನಿ ಕೂರುತ್ತಾಳೆ ಎಂದ ಕೂಡಲೇ ಅದು ನಿಲ್ಲದೆ ತೂಗಾಡುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಶಿವಾನಿ ಒಳಗೆ ಬಂದು ಅಪ್ಪನ ಪಕ್ಕ ಕೂತಳು. “ನಮ್ ಅಂಗ್ಡಿಗೂ ನಿಮ್ಮಂಥವರು ಬರ್ತಾರೆ ಅಪ್ಪಾ. ಈ ಗಾಜಲ್ಲಿ ಚೆನ್ನಾಗ್ ಕಾಣುತ್ತಾ, ಆ ಗಾಜಲ್ಲಾ ಅಂದ್ರೆ, ಇನ್ನೊಂದ್ಸಲ ತೋರ್ಸಿ, ಇನ್ನೊಂದ್ಸಲ ತೋರ್ಸಿ ಅಂತಾರೆ. ಅಕ್ಷರ ಕಾಣ್ತಿರುತ್ತೆ. ತಪ್ಪು ಹೇಳ್ಬಿಟ್ರೆ ಅಂತ ಹೆದರ್ಕೊಂಡಿರ್ತಾರೆ ಅಷ್ಟೆ.”

“ಅಂಥವರಿಗೆ ಏನ್ ಮಾಡ್ತೀಯಾ?”

“ತಪ್ಪು ಉತ್ರ ಅಂತ ಇಲ್ಲ, ನಿಧಾನವಾಗಿ ಹೇಳಿ ಅಂತೀನಿ. ಹೇಳ್ತಾರೆ.”

ವಸಂತ ವಿದೇಶದ್ದನ್ನು ಡಬ್ಬಕ್ಕೆ ಹಾಕಿ ಮುಚ್ಚಿದ. ಅಂದೇ ಕೊಯಮತ್ತೂರಿನದು ಕೆಂಪು ಕಾರಿಗೆ ಕೂತಿತು. ಎರಡೂ ಸ್ಪ್ರಿಂಗ್ ಹಾಕಿ ಓಡಿಸಿ ನೋಡಿದರು. ಕೆಂಪು ಹಾಕಿದಾಗ ಕಾರು ಹುಮ್ಮಸ್ಸಿನಿಂದ ಎಳೆಯಿತು, ಮೀಟರಿನ ಮುಳ್ಳೂ ಹದ್ದು ಮೀರಲಿಲ್ಲ. ಪಂದ್ಯಕ್ಕೆ ಕೆಂಪೇ ಎಂದು ಅಪ್ಪ ಮಗಳು ಮಾತಾಡಿಕೊಂಡರು. ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಶನಿವಾರ ಮಧ್ಯಾಹ್ನ, ಶಿವಾನಿ ಅಂಗಡಿಯಲ್ಲಿದ್ದ ಹೊತ್ತು, ವಸಂತ ಶೆಡ್ಡಿಗೆ ಹೋಗಿ ಗೇಟಿನ ಮುಚ್ಚಳ ತೆಗೆದು, ಕೆಂಪನ್ನು ಹೊರಗಿಟ್ಟು, ನೀಲಿಯನ್ನು ಹಾಕಿ ಮುಚ್ಚಿದ. ಯಾರಿಗೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಪಂದ್ಯಕ್ಕೆ ಹೊರಡುವಾಗ ಬೆಂಚಿನ ಮೇಲಿದ್ದ ಕೆಂಪು ಸ್ಪ್ರಿಂಗನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಯಾಕೆ ಎಂದು ಕೇಳಿದ್ದರೆ ಅವನಿಗೇ ಗೊತ್ತಿರಲಿಲ್ಲ.

ಮೈದಾನದಲ್ಲಿ ಒಬ್ಬೊಬ್ಬರಿಗೆ ಎರಡು ಸುತ್ತಿನ ಅವಕಾಶ, ಅದರಲ್ಲಿ ಬೇಗ ಮುಗಿಸಿದ್ದೇ ಲೆಕ್ಕ. ಮೊದಲ ಸುತ್ತಿನಲ್ಲಿ ಶಿವಾನಿ ಒಂದು ಡಬ್ಬವನ್ನೂ ಬೀಳಿಸಲಿಲ್ಲ. ತಿರುವುಗಳಲ್ಲಿ ಎಷ್ಟು ಚೊಕ್ಕವಾಗಿ ಹೋದಳೆಂದರೆ ಅಕ್ಕಪಕ್ಕದವರು ತಲೆದೂಗಿದರು. ಆದರೆ ಕೊನೆಯ ಉದ್ದ ದಾರಿಯಲ್ಲಿ ಕಾರು ಸಪ್ಪಗಾಯಿತು. ಸಮಯ ಬರೆಯುವ ಹಲಗೆಯ ಮೇಲೆ ಅವಳ ಹೆಸರು ಎಲ್ಲೋ ಕೆಳಗೆ ಬಂತು.

ಅವಳು ಕಾರು ನಿಲ್ಲಿಸಿ, ಹೆಲ್ಮೆಟ್ ತೆಗೆದು, ನೇರ ಅಪ್ಪನ ಹತ್ತಿರ ಬಂದಳು. “ಗೇಟು ಬೇಗ ತೆರ್ಕೊಳ್ತಿದೆ ಅಪ್ಪಾ. ಯಾವ ಸ್ಪ್ರಿಂಗ್ ಹಾಕಿದೀರಾ?”

ಜೊತೆಗೆ ಬಂದಿದ್ದ ಕೈಲಾಸ್ ಇಬ್ಬರ ಮುಖವನ್ನೂ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ನೀಲಿ,” ಎಂದ ವಸಂತ. ನಾಚಿಕೆಯಿಂದ ಅವನ ಮುಖ ಕೆಂಪಗಾಗಿತ್ತು. “ನಿನ್ನೆ ಬದಲಾಯಿಸ್ದೆ. ಭಯ ಆಯ್ತು ಮಗಳೇ.”

ಶಿವಾನಿ ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಕಣ್ಣು ಪರೀಕ್ಷೆಗೆ ಬಂದವರನ್ನು ಕೇಳುವ ದನಿಯಲ್ಲೇ, ನಿಧಾನವಾಗಿ ಕೇಳಿದಳು: “ನೀವೇ ಓಡ್ಸೋದಾಗಿದ್ರೆ ಯಾವ್ದು ಹಾಕ್ತಿದ್ರಿ?”

ಬಾಯಿ ಉತ್ತರ ಹುಡುಕುವ ಮೊದಲೇ ವಸಂತನ ಕೈ ಜೇಬಿಗೆ ಹೋಗಿತ್ತು. ಕರವಸ್ತ್ರ ಬಿಚ್ಚಿದ. ಶಿವಾನಿ ಕೆಂಪು ಸ್ಪ್ರಿಂಗನ್ನು ನೋಡಿದಳು, ಅಪ್ಪನನ್ನು ನೋಡಿದಳು. ಬೈಯಬೇಕೆಂದು ಬಂದ ಮಾತನ್ನು ನುಂಗಿಕೊಂಡದ್ದು ಕಾಣುತ್ತಿತ್ತು.

“ತಂದಿದೀರಲ್ಲಾ,” ಎಂದಳು. “ಎರಡನೇ ಸುತ್ತಿಗೆ ಇನ್ನೂ ಟೈಮಿದೆ.”

ಗೇಟು ಕೆಂಡದ ಹಾಗೆ ಕಾದಿತ್ತು. ಕೈಲಾಸ್ ಒದ್ದೆ ಬಟ್ಟೆಯಲ್ಲಿ ಮುಚ್ಚಳ ಹಿಡಿದುಕೊಂಡ, ವಸಂತ ಬೋಲ್ಟು ಬಿಚ್ಚಿದ. ಬೆರಳು ಸುಟ್ಟಿತು, ಬಾಯಿಂದ ಊದಿ ಮತ್ತೆ ಕೈ ಹಾಕಿದ. ನೀಲಿ ಹೊರಗೆ ಬಂತು, ಕೆಂಪು ಒಳಗೆ ಕೂತಿತು, ಮುಚ್ಚಳ ಬಿಗಿಯಾಯಿತು. ಅವನು ಎದ್ದು ನಿಂತು ಬಾನೆಟ್ಟು ಹಾಕಿದ.

“ಇನ್ನೊಂದ್ಸಲ ನೋಡಲ್ವಾ?” ಎಂದು ಕೇಳಿದಳು ಶಿವಾನಿ, ನಗುವನ್ನು ತಡೆದುಕೊಂಡು.

“ಬೇಡ. ಸರಿಯಾಗಿದೆ. ಹೋಗ್ಬಾ.”

ಅವಳು ಹೊರಟಾಗ ವಸಂತ ಮೈದಾನದ ಸುತ್ತ ಕಟ್ಟಿದ್ದ ಹಗ್ಗದ ಬಳಿಗೆ ಹೋದ. ಒಂದು ಕೈಯಲ್ಲಿ ಅದನ್ನು ಹಿಡಿದು ನಿಂತೇ ಇದ್ದ. ಕೆಂಪು ಕಾರು ಮಣ್ಣೆಬ್ಬಿಸಿಕೊಂಡು ತಿರುವಿನ ಮೇಲೆ ತಿರುವು ದಾಟಿ ಉದ್ದ ದಾರಿಗೆ ಬಂತು. ಈ ಸಲ ಅದು ಸಪ್ಪಗಾಗಲಿಲ್ಲ. ದಾರಿಯ ತುದಿಯಲ್ಲಿ, ತೆರೆಯಬೇಕಾದ ಜಾಗದಲ್ಲೇ ಗೇಟು ಬುಸ್ಸೆಂದು ತೆರೆದುಕೊಂಡ ಸದ್ದು ಆ ಗದ್ದಲದ ನಡುವೆಯೂ ಅವನಿಗೆ ಕೇಳಿಸಿತು. ಕಣ್ಣಲ್ಲಿ ನೀರು ಬಂತು. ಧೂಳು ಎಂದು ಹೇಳಿಕೊಳ್ಳಲು ಅಲ್ಲಿ ಬೇಕಾದಷ್ಟು ಧೂಳೂ ಇತ್ತು.

“ಮೊದಲ್ನೇದಕ್ಕಿಂತ ಹೆಂಗಿತ್ತೋ?” ಎಂದು ಕೇಳಿದ ಕೈಲಾಸ್.

“ಗೊತ್ತಿಲ್ಲ ಕಣೋ,” ಎಂದ ವಸಂತ. “ಅವಳನ್ನೇ ನೋಡ್ತಿದ್ದೆ.”

ಹಲಗೆಯ ಮೇಲೆ ಶಿವಾನಿಯ ಹೆಸರು ಮೇಲಕ್ಕೆ ಬಂದು ನಾಲ್ಕನೆಯ ಜಾಗದಲ್ಲಿ ನಿಂತಿತು. ಬಹುಮಾನ ಮೂವರಿಗೇ. ಅವಳು ಹೆಲ್ಮೆಟ್ ತೆಗೆದು ಮುಖವೆಲ್ಲ ನಗುತ್ತ ಬಂದವಳು, ಅಪ್ಪನ ಸುಟ್ಟ ಬೆರಳುಗಳನ್ನು ನೋಡಿದಳು. ಆ ಮುಷ್ಟಿಯಲ್ಲಿ ನೀಲಿ ಸ್ಪ್ರಿಂಗ್ ಇನ್ನೂ ಹಾಗೇ ಇತ್ತು. ಮೆಲ್ಲಗೆ ಬೆರಳು ಬಿಡಿಸಿ ಅದನ್ನು ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು.

“ಇದು ನನ್ ಹತ್ರಾನೇ ಇರ್ಲಿ ಅಪ್ಪಾ. ಮುಂದಿನ್ ವರ್ಷಾನೂ ಬರ್ಬೇಕಲ್ಲ.”

ವಸಂತ ತೂಗಿ ನೋಡಲು ಹೋಗಲಿಲ್ಲ. ಹೂಂ ಎಂದ.