ಮೀನಿನ ತೊಟ್ಟಿಗೆ ವಿಭೂತಿ

ಶ್ರಾವಣದ ಸೋಮವಾರ. ಮನೆಯಿಂದಲೇ ಆಫೀಸಿನ ಮೀಟಿಂಗ್ ನಡೆಸುತ್ತಿದ್ದವಳು ಕಾಫಿಗೆಂದು ಎದ್ದು ಬಂದರೆ, ಹಾಲ್‌ನಲ್ಲಿದ್ದ ನನ್ನ ಮೀನಿನ ತೊಟ್ಟಿ ಮಜ್ಜಿಗೆ ಪಾತ್ರೆಯಾಗಿತ್ತು. ಒಳಗೆ ವರ್ಷಗಟ್ಟಲೆ ಬೆಳೆಸಿದ ಗಿಡಗಳು ಕಾಣುತ್ತಲೇ ಇರಲಿಲ್ಲ. ನೀಲಿ ಗೆರೆಯ ಪುಟ್ಟ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಪಕ್ಕದಲ್ಲಿ ನಮ್ಮ ಅತ್ತೆ, ಕೈಯಲ್ಲಿ ಖಾಲಿ ತಂಬಿಗೆ, ಮುಖದಲ್ಲಿ ಪೂಜೆ ಮುಗಿಸಿದ ಸಮಾಧಾನ.

ಅತ್ತೆ ರಾಣೆಬೆನ್ನೂರಿನ ಕಡೆಯವರು. ಲಿಂಗಪೂಜೆ ಆಗದೆ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ವಿಭೂತಿ ಬೆರೆತ ಆ ಪೂಜೆಯ ನೀರನ್ನು ಯಾರೂ ತುಳಿಯಬಾರದು, ಸಿಂಕಿಗೂ ಸುರಿಯಬಾರದು, ಗಿಡದ ಬುಡಕ್ಕೇ ಹೋಗಬೇಕು. ಮಾದನಾಯಕನಹಳ್ಳಿಯ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಗಿಡ ಎಲ್ಲಿಂದ ತರುವುದು? ಬಾಲ್ಕನಿಯ ಕುಂಡಗಳಿಂದ ಕೆಳಗಿನ ಮನೆಯವರ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕುತ್ತದೆಂದು ಅಸೋಸಿಯೇಷನ್‌ನವರು ಅವನ್ನೆಲ್ಲ ತೆಗೆಸಿದ್ದರು. ಮನೆಯಲ್ಲಿ ಉಳಿದ ಹಸಿರು ತೊಟ್ಟಿಯೊಳಗಿನದು ಮಾತ್ರ. ಹಾಗಾಗಿ ಅತ್ತೆ ದಿನಾ ಸ್ವಲ್ಪ ಸ್ವಲ್ಪ ಅಲ್ಲಿಗೇ ಸುರಿಯುತ್ತಿದ್ದರಂತೆ. ಗಾಜಿನ ಮೇಲೆ ಬಿಳಿ ಪೊರೆ ಏಕೆ ಕಟ್ಟುತ್ತಿದೆಯೆಂದು ತಿಳಿಯದೆ ನಾನು ವಾರಗಟ್ಟಲೆ ಲೈಟನ್ನು ಬೈದೆ, ಫಿಲ್ಟರನ್ನು ಬೈದೆ, ಗಂಡನನ್ನೂ ಬೈದೆ. ಈ ಸೋಮವಾರ ವಿಭೂತಿ ಗಟ್ಟಿಯೇ ಕೈಜಾರಿ ಬಿದ್ದು ಪುಡಿಯಾಗಿದೆ. ವಿಭೂತಿಯನ್ನು ಕಸದ ಬುಟ್ಟಿಗೆ ಹಾಕುವುದುಂಟೇ? ಅಷ್ಟನ್ನೂ ಬಳಿದು, ತಂಬಿಗೆಯ ನೀರಿಗೆ ಕಲಸಿ, ನನ್ನ ಮೀನುಗಳಿಗೆ ಅಭಿಷೇಕ ಮಾಡಿಬಿಟ್ಟಿದ್ದಾರೆ.

ಬೂದಿಯ ಕ್ಷಾರ ಈ ಮೀನುಗಳಿಗೆ ಆಗಿಬರುವುದಿಲ್ಲ. ತಕ್ಷಣ ನೀರು ಬದಲಾಯಿಸಬೇಕು. ನಲ್ಲಿ ತಿರುಗಿಸಿದರೆ ಬ್ಲೀಚಿಂಗ್ ಪೌಡರಿನ ಘಾಟು. ಸಂಪು ತೊಳೆಸಲು ಅಸೋಸಿಯೇಷನ್‌ಗೆ ಆ ದಿನವೇ ಸಿಗಬೇಕೇ? ಪೀಣ್ಯದ ವರ್ಕ್‌ಶಾಪಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದರೆ, ಮೀನು ತಾನೆ, ಬೇರೆ ತಂದರಾಯಿತು ಎಂದರು. ಗಾಯದ ಮೇಲೆ ಉಪ್ಪು ಸವರುವುದರಲ್ಲಿ ಅವರದು ಎತ್ತಿದ ಕೈ. ಫೋನಿಟ್ಟು ಕುಡಿಯುವ ನೀರಿನ ಕ್ಯಾನ್‌ಗಳನ್ನು ತರಿಸಿದೆ.

ಪೈಪು ಹಾಕಿ ಬಿಳಿ ನೀರನ್ನು ಬಕೆಟಿಗೆ ಇಳಿಸಿದೆ. ಕ್ಯಾನಿನ ನೀರನ್ನು ಚೊಂಬು ಚೊಂಬಾಗಿ ಸುರಿದೆ, ಒಮ್ಮೆಲೇ ಸುರಿದರೆ ಆ ಬದಲಾವಣೆಗೇ ಮೀನು ಸಾಯುತ್ತವೆ. ಫಿಲ್ಟರಿನ ಸ್ಪಂಜಿನ ತುಂಬ ಬೂದಿ. ಅದನ್ನು ನಲ್ಲಿಯಡಿ ತೊಳೆಯುವಂತಿಲ್ಲ, ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಬ್ಲೀಚಿಂಗಿಗೆ ಸತ್ತುಹೋಗುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಿಂಡಿ ತೆಗೆದೆ. ಒಂದೊಂದು ಎಲೆಯನ್ನೂ ಬೆರಳಿನಿಂದ ಒರೆಸಿದೆ. ಕಿವಿಯಲ್ಲಿ ಮೀಟಿಂಗ್ ನಡೆದೇ ಇತ್ತು. ಹಿಂದೆ ನಿಂತ ಅತ್ತೆ, ಬಿಸಿನೀರು ಕಾಸಲೇ, ಚಿಟಿಕೆ ಅರಿಶಿನ ಹಾಕಲೇ ಎಂದು ಕೇಳುತ್ತಲೇ ಇದ್ದರು. ಕೊನೆಗೆ, ಮೀನು ಉಣ್ಣುವ ತನಕ ತಾವೂ ಉಣ್ಣುವುದಿಲ್ಲ ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಸಕ್ಕರೆ ಕಾಯಿಲೆಯ ಹೆಂಗಸು! ಈಗ ಮೀನನ್ನು ನೋಡಲೋ, ಇವರನ್ನು ನೋಡಲೋ?

ನನಗೆ ರೇಗಿಹೋಯಿತು. "ಅದೇನು ಚರಂಡಿನಾ ಅತ್ತೆ, ಕಂಡಿದ್ದೆಲ್ಲಾ ತಂದು ಸುರಿಯೋಕೆ?" ಎಂದುಬಿಟ್ಟೆ.

ಅತ್ತೆ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದರು: "ಚರಂಡಿ ಅನ್ಕೊಂಡಿದ್ರ ಹಾಕ್ತಿದ್ನೇನವಾ? ಕೆಲಸ ಮುಗಿಸಿ ಬಂದು ನೀ ಅದರ ಮುಂದನ ಕೂಡ್ತಿ. ಈ ಮನಿಯಾಗ ನಿನ್ನ ಮಾರಿ ತಣ್ಣಗಾಗೋದು ಅಲ್ಲಿ ಅಷ್ಟ. ಒಳ್ಳೆ ಜಾಗಾ ಅಂತ ಅಲ್ಲಿ ಹಾಕಿದೆ."

ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಇನ್ನೊಂದು ಕ್ಯಾನ್ ಎತ್ತಿದೆ.

ಸಂಜೆಯ ಹೊತ್ತಿಗೆ ಗಿಡಗಳು ಮತ್ತೆ ಕಂಡವು. ಒಂದೆರಡು ಮೀನು ಸತ್ತಿದ್ದವು, ಅತ್ತೆಗೆ ಕಾಣದಂತೆ ತೆಗೆದೆ. ಉಳಿದವು ಕೆಳಗಿಳಿದು ನೆಟ್ಟಗೆ ಈಜತೊಡಗಿದ್ದವು. ಚಿಟಿಕೆ ಮೀನಿನ ಕಾಳು ಹಾಕಿದೆ. ಒಂದೂ ಮೂಸಲಿಲ್ಲ. ಕಾಳು ಹಾಗೇ ತೇಲುತ್ತಿತ್ತು.

"ಉಂಡ್ವೇನವಾ?" ಕುರ್ಚಿಯಿಂದಲೇ ಅತ್ತೆ ಕೇಳಿದರು.

"ಉಂಡ್ವು ಅತ್ತೆ, ಎಲ್ಲಾ ಉಂಡ್ವು. ಏಳಿ, ರೊಟ್ಟಿ ಆರಿಹೋಗ್ತಿದೆ," ಎಂದು ತೊಟ್ಟಿಗೆ ಅಡ್ಡ ನಿಂತೆ.