ಕದಿಯಲು ಏನೂ ಇಲ್ಲದ ಸರ್ವರ್

ಗ್ಲೆನಿಸ್‌ಳನ್ನು ಎಲ್ಲರೂ ಹೊಗಳುವುದು ಅವಳ ಶಿಸ್ತಿಗೆ. ಆ ಶಿಸ್ತಿಗೆ ಬೆಂಕಿ ಬೀಳಲಿ!

ಆಸ್ಟ್ರೇಲಿಯಾದ ನಮ್ಮ ಮೆಕೈ ಊರಿನ ಒಂಟಿ ಮುದುಕರು ಕೊರಳಲ್ಲಿ ತುರ್ತು ಕರೆಯ ಒಂದು ಗುಂಡಿ ಹಾಕಿಕೊಂಡಿರುತ್ತಾರೆ. ಬಿದ್ದಾಗ ಒತ್ತಿದರೆ ನಮ್ಮ ಕಚೇರಿಗೆ ಕರೆ ಬರುತ್ತದೆ. ಯಾರು, ಯಾವ ಮನೆ, ಬೀಗದ ಕೈ ಎಲ್ಲಿದೆ ಎಂಬುದೆಲ್ಲ ನನ್ನ ಪರದೆಯ ಮೇಲೆ ಮೂಡುತ್ತದೆ. ಆ ವಿವರಗಳಿರುವ ಡೇಟಾಬೇಸ್ ಸರ್ವರ್ ಗ್ಲೆನಿಸ್‌ಳ ಸುಪರ್ದಿಯಲ್ಲಿತ್ತು. ಅವಳ ತಾಯಿ ಮರ್ಲ್‌ಳ ಕೊರಳಲ್ಲೂ ಅದೇ ಗುಂಡಿ. ಬಿದ್ದು ಸೊಂಟ ಮುರಿದುಕೊಂಡ ಮೇಲೂ ಒಬ್ಬಳೇ ಇರುತ್ತೇನೆಂದು ಹಟ ಹಿಡಿದವಳು. "ನೀನೇನೂ ಹೇಳ್ಬೇಡಮ್ಮಾ, ಸುಮ್ನೆ ಒತ್ತು. ಅವರ ಹತ್ರ ಎಲ್ಲಾ ಇರತ್ತೆ" ಎಂದು ಮಗಳೇ ಕಲಿಸಿಕೊಟ್ಟಿದ್ದಳು.

ಡಿಸೆಂಬರ್ ನಡುವಿನಲ್ಲಿ ಸುದ್ದಿ ಬಂತು: ಆ ಸರ್ವರ್ ತಂತ್ರಾಂಶದಲ್ಲಿ ದೋಷವಿದೆ. ಪಾಸ್‌ವರ್ಡ್ ಬೇಡ, ಏನೂ ಬೇಡ; ಎಲ್ಲೋ ಕೂತವನು ಬೇಕೆಂದೇ ಕೆಡಿಸಿದ ಒಂದು ಸಂದೇಶ ಕಳಿಸಿದರೆ ಸಾಕು, ಇಡೀ ಸರ್ವರ್ ಕುಸಿಯುತ್ತದೆ. ದೋಷ ಮುಚ್ಚುವ ಪ್ಯಾಚ್ ಕೂಡ ಬಂದಿತ್ತು. ಆದರೆ ಕ್ರಿಸ್‌ಮಸ್ಸಿಗೆ ನಮ್ಮವರೆಲ್ಲ ಕಡಲ ದಂಡೆಗೆ ಓಡುವವರು. ಏನಾದರೂ ಕೆಟ್ಟರೆ ಸರಿಮಾಡಲು ಒಂದು ನರಪಿಳ್ಳೆಯೂ ಸಿಗುವುದಿಲ್ಲ. ಅದಕ್ಕೇ ಜನವರಿ ಕೊನೆಯ ಆಸ್ಟ್ರೇಲಿಯಾ ಡೇ ರಜೆ ಮುಗಿಯುವವರೆಗೆ ಯಾವ ಯಂತ್ರಕ್ಕೂ ಕೈ ಹಚ್ಚುವಂತಿಲ್ಲ. ಆ ನಿಯಮ ತಂದವಳೇ ಗ್ಲೆನಿಸ್.

ಆದರೂ ಆಫೀಸಿನ ಬಾರ್ಬೆಕ್ಯೂನಲ್ಲಿ, ಈಗಲೇ ಪ್ಯಾಚ್ ಹಾಕಿಬಿಡಲೇ ಎಂದು ಬಾಸ್ ಬ್ರೆಟ್‌ನನ್ನು ಕೇಳಿದಳು. ಸಾಸೇಜ್ ತಿರುವುತ್ತಾ ಅವನು ನಕ್ಕ.

"ಬಿಡೇ ಮಾರಾಯ್ತಿ! ನಮ್ಮಲ್ಲಿ ಕದಿಯೋಕೆ ಏನಿದೆ? ಮುದುಕೀರ ಹೆಸರಾ? ನೀನೇ ಮಾಡಿದ ರೂಲ್ಸು, ನೀನೇ ಮುರೀತೀಯಾ?"

"ಕದಿಯೋದಲ್ಲ ಬ್ರೆಟ್, ಬೀಳ್ಸೋದು."

"ಬಿದ್ರೆ ಎಬ್ಬಿಸ್ತೀಯ ಬಿಡು."

ಅವಳೂ ನಕ್ಕು ಆ ಮಾತು ಅಲ್ಲಿಗೇ ಬಿಟ್ಟಳು. ತಾನು ತಂದ ನಿಯಮದ ಮೇಲೆ ಅವಳಿಗೆ ಅಷ್ಟು ಅಭಿಮಾನ.

ಕ್ರಿಸ್‌ಮಸ್ಸಿನ ಮರುದಿನ, ಬಾಕ್ಸಿಂಗ್ ಡೇ ಮಧ್ಯಾಹ್ನ, ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿದ್ದಾಗ ಸರ್ವರ್ ಬಿತ್ತು. ಗ್ಲೆನಿಸ್ ಓಡಿಬಂದು ಎಬ್ಬಿಸಿದಳು, ಮತ್ತೆ ಬಿತ್ತು. ಯಾವನೋ ಹಾಳಾದವನು ಅದೇ ಸಂದೇಶವನ್ನು ಬಿಡದೆ ಕಳಿಸುತ್ತಿದ್ದ. ಅಷ್ಟರಲ್ಲಿ ನನಗೊಂದು ಕರೆ ಬಂತು. ಪರದೆಯ ಮೇಲೆ ಬರೀ ಗುಂಡಿಯ ನಂಬರು; ಅದು ಯಾರದೆಂದು ಹೇಳಬೇಕಾದ ಸರ್ವರ್ ಸತ್ತುಬಿದ್ದಿತ್ತು.

"ಬಿದ್ದಿದೀನಿ ಕಂದಾ," ಎಂದಿತು ಮುದಿ ದನಿ. "ಬಾತ್‌ರೂಮಲ್ಲಿ."

"ಹೆಸರು ಹೇಳಿ ಅಜ್ಜೀ, ಯಾವ ಬೀದಿ?"

"ನಿಮ್ಮ ಹತ್ರ ಎಲ್ಲಾ ಇದೆಯಲ್ಲಮ್ಮಾ..."

"ಈಗಿಲ್ಲ ಅಜ್ಜೀ! ಹೆಸರೊಂದು ಹೇಳಿ, ಸಾಕು!"

ಆಮೇಲೆ ನಲ್ಲಿ ಸುರಿಯುವ ಸದ್ದು ಮಾತ್ರ. ನಾನು ಗಂಟಲು ಹರಿಯುವಂತೆ ಕೂಗಿದೆ.

"ಯಾರದು?" ಪಕ್ಕದ ಕೋಣೆಯಿಂದ ಗ್ಲೆನಿಸ್ ಕೇಳಿದಳು.

"ನೀನು ಎಬ್ಬಿಸಿದ್ರೆ ತಾನೇ ಗೊತ್ತಾಗೋದು! ಬೇಗ ಕಣೇ!"

ಸಂಜೆ, ನಿಯಮವನ್ನು ಗಾಳಿಗೆ ತೂರಿ ಪ್ಯಾಚ್ ಹಾಕಿದ ಮೇಲೆ ಸರ್ವರ್ ಗಟ್ಟಿಯಾಗಿ ನಿಂತಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಪರದೆಯ ಮೇಲೆ ಹೆಸರು ಮೂಡಿತು: ಮರ್ಲ್ ಪ್ಯಾಟಿಸನ್. ಅದನ್ನು ಪಕ್ಕದ ಕೋಣೆಗೆ ಹೋಗಿ ಹೇಳಬೇಕಾದವಳು ನಾನೇ. ಆಂಬುಲೆನ್ಸಿನವರು ಬಾಗಿಲು ತೆಗೆಯುವಷ್ಟರಲ್ಲಿ ಮುದುಕಿಯ ಮೈ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಬ್ರೆಟ್ ಎಲ್ಲರನ್ನೂ ಕೂರಿಸಿಕೊಂಡು ಸಮಾಧಾನ ಹೇಳಿದ. "ಒಂದು ಪುಣ್ಯ ಅಂದ್ರೆ, ಒಬ್ಬರ ವಿವರಾನೂ ಕಳೆದುಹೋಗಿಲ್ಲ."

ಗ್ಲೆನಿಸ್ ತಲೆಯೆತ್ತಿದಳು.

"ಹೌದು, ನಮ್ಮಮ್ಮ ಇನ್ನೂ ಅದರಲ್ಲೇ ಇದಾಳೆ," ಎಂದಳು. "ಅಳಿಸೋ ಕೆಲ್ಸಾನೂ ನಂದೇ."