ಗೂಳಿಯ ಅಕ್ಕ

ಇಸ್ತ್ರಿ ಅಂಗಡಿಯ ಅಕ್ಕ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನು ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಮುದಿ ಹಮಾಲನೊಬ್ಬನಿಗೆ ಒದ್ದ ಮೇಸ್ತ್ರಿಯ ಕೈ ಮುರಿದ ದಿನ ಜನ ಅವನನ್ನು 'ಗೂಳಿ' ಎಂದು ಕೊಂಡಾಡಿದರು. ಹೊಗಳಿಕೆ ತಲೆಗೇರಿತು. ಹಿಂಬಾಲಕರು ಸೇರಿದರು, ಕೈಗೆ ಮಚ್ಚು ಬಂತು. ನಾಲ್ಕೇ ವರ್ಷದಲ್ಲಿ ಅವನ ಹೆಸರು ಕೇಳಿದರೆ ಅಂಗಡಿಗಳು ಬಾಗಿಲು ಹಾಕತೊಡಗಿದವು. ಅಕ್ಕ ಬೈದದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಒಂದು ಮಧ್ಯಾಹ್ನ ಅವಳು ಗೂಳಿಯ ಅಕ್ಕನೆಂದು ಅರಿಯದ ಹೆಂಗಸೊಬ್ಬಳು ಅಂಗಿಯೊಂದನ್ನು ಕೊಟ್ಟು, "ನನ್ನ ತಮ್ಮಂದು. ಎಡತೋಳು ಮಡಚಿ ಹೊಲಿದಿದೀನಿ, ಹಾಗೇ ಇಸ್ತ್ರಿ ಮಾಡಮ್ಮ. ಗೂಳಿ ಅವನ ಕೈ ಕಡಿದುಬಿಟ್ಟ," ಎಂದಳು.

ಊಟಕ್ಕೆ ಬಂದ ತಮ್ಮನ ಮುಂದೆ ಅಕ್ಕ ಆ ಅಂಗಿ ಹರಡಿದಳು. ಬೈಯಲಿಲ್ಲ. ಅವನ ಎಡಗೈಯನ್ನು ಮಡಿಲಿಗೆ ಎಳೆದುಕೊಂಡು ಸವರಿದಳು.

"ಈ ಕೈಗೆ ಮುಳ್ಳು ಚುಚ್ಚಿದ್ರೆ ನಾನು ಅಳ್ತಿದ್ದೆ ಕಣೋ. ಈ ಅಂಗಿಯವನ ಅಕ್ಕನೂ ಹೀಗೇ ಸಾಕಿರ್ತಾಳೆ."

ಗೂಳಿ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ, "ಠಾಣೆಗೆ ಹೋಗ್ತೀನಕ್ಕಾ. ಬಾಗಿಲ ತನಕ ಬಾ," ಎಂದ.

"ಬಾಗಿಲ ತನಕ ಯಾಕೋ? ಒಳಗೂ ಬರ್ತೀನಿ," ಎಂದು ಅಕ್ಕ ಚಪ್ಪಲಿ ಮೆಟ್ಟಿದಳು.

ಅವನಿಗೆ ಎಂಟು ವರ್ಷ ಜೈಲಾಯಿತು. ಭೇಟಿಯ ದಿನ ಒಂದನ್ನೂ ಅವಳು ತಪ್ಪಿಸಲಿಲ್ಲ.